ತೋಟ, ಮನೆ, ಶಾಲೆ ಎಲ್ಲಕ್ಕೂ ಸೇರಿ ಒಂದು ಪ್ಲಾನರ್: ಯಾವುದು ತಗೊಳ್ಳಲಿ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಕಾಗದದ ಪ್ಲಾನರ್ ಒಂದು ತಗೊಳ್ಳಬೇಕು. ಮಲೆನಾಡಲ್ಲೇ ಇದ್ದು ಬಳಸಿದವರ ಮಾತು ಬೇಕಿತ್ತು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ನಮ್ಮನೆ ಆಗುಂಬೆ ಕಡೆ ಹೋಗೋ ದಾರೀಲಿ, ರಸ್ತೆಯಿಂದ ಒಳಗೆ. ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ನಮ್ಮನೆಯವರಿಗೆ ಶಿವಮೊಗ್ಗದಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಡ್ತಾರೆ. ವಾರಪೂರ್ತಿ ಆಳುಗಳ ಲೆಕ್ಕ, ಅತ್ತೆಯ ಬಿಪಿ ಮಾತ್ರೆ, ಮಗಳ ಶಾಲೆ, ಸ್ತ್ರೀಶಕ್ತಿ ಸಂಘದ ಉಳಿತಾಯ ಎಲ್ಲ ನಾನೇ ನೋಡ್ಕೋಬೇಕು.

ಫೋನಲ್ಲಿ ಹಾಕ್ಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಅಲಾರಂ ಹೊಡೆಯೋಕೆ ನೆಟ್‌ವರ್ಕ್ ಬೇಡ, ಗೊತ್ತು. ಆದರೆ ಫೋನಲ್ಲಿರೋದು ನನಗೊಬ್ಬಳಿಗೇ ಕಾಣೋದು. ನಾನು ತೋಟಕ್ಕಿಳಿದಾಗ ಅಡಿಕೆ ಕೊನೆ ಕೊಯ್ಯೋರು ಮನೆಗೆ ಬಂದು "ಗುರುವಾರ ಬರ್ಲಾ ಅಮ್ಮಾ" ಅಂತ ಕೇಳಿದರೆ, ಜಗಲಿಯಲ್ಲಿ ಕೂತ ಅತ್ತೆ ಪುಸ್ತಕ ನೋಡಿ ಹೂಂ ಅಥವಾ ಉಹೂಂ ಹೇಳೋ ಹಾಗಿರಬೇಕು. ಅವರಿಗೆ ಸಣ್ಣ ಅಕ್ಷರ ಕಾಣಲ್ಲ. ಗೋಡೆ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ, ಅದರ ಚೌಕದಲ್ಲಿ ಹಾಲಿನ ಲೆಕ್ಕ ಬರೆದರೆ ಬೇರೇನಕ್ಕೂ ಜಾಗ ಉಳಿಯಲ್ಲ.

ದಿನಕ್ಕೊಂದು ಪುಟ ಇರೋದು ತಗೊಳ್ಳಲಾ, ವಾರಕ್ಕೆರಡು ಪುಟದ್ದಾ? ತಾರೀಕು ಅಚ್ಚಾಗಿ ಬಂದದ್ದಾ, ನಾವೇ ಬರ್ಕೊಳ್ಳೋದಾ? ಆಷಾಢದಲ್ಲಿ ಎಷ್ಟೋ ದಿನ ಬರೆಯೋಕೆ ಏನೂ ಇರಲ್ಲ, ಕೊಯ್ಲು ಶುರುವಾದರೆ ಒಂದು ದಿನಕ್ಕೆ ಒಂದು ಪುಟ ಸಾಲಲ್ಲ. ಇನ್ನು ಮಳೆಗಾಲದ ಥಂಡಿ. ಮನೇಲಿದ್ದ ರೆಕ್ಸಿನ್ ಹೊದಿಕೆ ಡೈರಿಗೆ ಹೋದ ವರ್ಷ ಬೂಷ್ಟು ಬಂತು. ಜೆಲ್ ಪೆನ್ನಲ್ಲಿ ಬರೆದದ್ದಕ್ಕೆ ಒದ್ದೆ ಕೈ ತಾಗಿ, ಯಾರ ಕೂಲಿ ಎಷ್ಟು ಅಂತ ಓದೋಕೇ ಆಗಲಿಲ್ಲ. ಆನ್‌ಲೈನಲ್ಲಿ ಚಂದಚಂದದ್ದು ಸಿಗುತ್ತೆ, ಆದರೆ ಇಲ್ಲಿಯ ಹವೆಗೆ ತಡೆಯುತ್ತಾ?

ಬೈಂಡಿಂಗ್ ಕೆಲಸ, ಶಿವಮೊಗ್ಗ

ಅಕ್ಕಾ, ನಾನು ಹೆಚ್ಚಾಗಿ ಸೊಸೈಟಿ, ಶಾಲೆಗಳ ರಿಜಿಸ್ಟರ್ ಬೈಂಡ್ ಮಾಡೋನು. ಪ್ಲಾನರ್ ಕೈಗೆ ಬಂದ ಕೂಡಲೇ ಹೊದಿಕೆ ಮೇಲಿನ ಚಿತ್ರ ಬಿಟ್ಟು ಬೆನ್ನು ನೋಡಿ. ಮಧ್ಯಕ್ಕೆ ತೆರೆದು ಮೇಜಿನ ಮೇಲಿಟ್ಟು ಕೈ ಬಿಡಿ. ತಾನಾಗೇ ಮುಚ್ಕೊಂಡರೆ ಅದು ಬರೀ ಅಂಟಿನದ್ದು ಅಂತ ಅನುಮಾನ ಪಡಿ. ಹಾಳೆಗಳ ಅಂಚಿಗೆ ಗೋಂದು ಸವರಿ ಕೂರಿಸಿರ್ತಾರೆ. ಜಗಲಿಯಲ್ಲಿ ಸದಾ ತೆರೆದಿಡೋ ಪುಸ್ತಕಕ್ಕೆ ಅದು ಆಗಿಬರಲ್ಲ, ಒತ್ತಿ ಒತ್ತಿ ಹಾಳೆ ಕಿತ್ತು ಬರುತ್ತೆ. ಹಾಳೆಗಳನ್ನ ಮಡಿಕೆ ಮಡಿಕೆಯಾಗಿ ಮಡಚಿ ದಾರದಲ್ಲಿ ಹೊಲಿದದ್ದು ಚಪ್ಪಟೆಯಾಗಿ ಮಲಗುತ್ತೆ. ಮಡಿಕೆಯ ನಡುವೆ ದಾರ ಕಣ್ಣಿಗೇ ಕಾಣುತ್ತೆ. ಸ್ಪೈರಲ್ಲೂ ಪೂರ್ತಿ ಮಡಚುತ್ತೆ, ಆದರೆ ನಿಮ್ಮ ಕಡೆ ಕಬ್ಬಿಣದ ತಂತಿ ತುಕ್ಕು ಹಿಡಿದು ಹಾಳೆಗೆ ಕಲೆ ಮಾಡುತ್ತೆ. ಪ್ಲಾಸ್ಟಿಕ್ಕಿನದಾದರೆ ಅಡ್ಡಿಯಿಲ್ಲ.

ಕಾಗದ 80 ಜಿಎಸ್‌ಎಂ ಸಾಕು, ಅಂದರೆ ಒಂದು ಚದರ ಮೀಟರ್ ಹಾಳೆ 80 ಗ್ರಾಂ ತೂಗಬೇಕು. 100ರದ್ದು ಇನ್ನೂ ನುಣುಪು, ಆದರೆ ಪುಸ್ತಕ ದಪ್ಪ ಆಗುತ್ತೆ. ದಿನಕ್ಕೊಂದು ಪುಟ ಅಂದರೆ 183 ಹಾಳೆ; ಎ5 ಅಳತೆಯಲ್ಲಿ 80 ಜಿಎಸ್‌ಎಂ ಹಾಕಿದರೂ ಕಾಗದದ ತೂಕವೇ 450 ಗ್ರಾಂ ದಾಟುತ್ತೆ. ವಾರಕ್ಕೆರಡು ಪುಟ ಆದರೆ 53 ಹಾಳೆ, 130 ಗ್ರಾಂ ಚಿಲ್ಲರೆ. ವಯಸ್ಸಾದವರು ಎತ್ತಿ ನೋಡೋಕೆ ಎರಡನೇದೇ ಹಗುರ. ದೊಡ್ಡ ಅಕ್ಷರ ಬೇಕು ಅಂದ್ರಲ್ಲ, ಹಾಗಾದರೆ ಎ5 (148×210 ಮಿಮೀ) ಬಿಟ್ಟು ಬಿ5 (176×250) ನೋಡಿ. ಒಂದು ಪುಟವನ್ನ ಏಳು ಪಾಲು ಮಾಡಿದರೂ ದಿನಕ್ಕೆ ಎರಡು ಬೆರಳಗಲ ಸಿಗುತ್ತೆ.

ಹೆಚ್ಚಿನ ಜೆಲ್ ಪೆನ್ನುಗಳ ಶಾಯಿ ನೀರಿನದು, ಬಾಲ್‌ಪೆನ್ನಿನದು ಎಣ್ಣೆಯದು. ಕೂಲಿ ಲೆಕ್ಕ ಬಾಲ್‌ಪೆನ್ನಲ್ಲೇ ಬರೀರಿ. ಹೊದಿಕೆಗೆ ಕ್ಯಾಲಿಕೋ ಅನ್ನೋ ಬೈಂಡಿಂಗ್ ಬಟ್ಟೆ ಹಾಕಿಸಿ, ಬೂಷ್ಟು ಬಂದರೂ ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರೆ ಹೋಗುತ್ತೆ. ನಾವು ಮೈದಾ ಅಂಟು ಕಾಯಿಸುವಾಗ ಒಂದು ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕ್ತೀವಿ, ಹುಳ ಮುಟ್ಟಲ್ಲ. ನೀವು ಕೊಳೆ ರೋಗ ಬಾರದ ಹಾಗೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಹಾಕ್ತೀರಲ್ಲ, ಅದೇ.

ಓದೋ ಹುಡುಗಿ, ಸಾಗರ

ಅಕ್ಕಾ, ತಾರೀಕು ಅಚ್ಚಾಗಿರೋದು ಬೇಡ. ಖಾಲಿ ನೋಟ್‌ಬುಕ್ಕಲ್ಲಿ ಬುಲೆಟ್ ಜರ್ನಲ್ ಶುರು ಮಾಡಿ, ಅಮೆರಿಕದ ರೈಡರ್ ಕ್ಯಾರಲ್ ಅನ್ನೋರು 2013ರಲ್ಲಿ ಎಲ್ಲರಿಗೂ ಹೇಳಿಕೊಟ್ಟ ಕ್ರಮ. ಮಾಡಬೇಕಾದ ಕೆಲಸಕ್ಕೆ ಚುಕ್ಕಿ, ಆಗಿದ್ದಕ್ಕೆ ಅದರ ಮೇಲೇ ಗುಣಿಸು ಗುರುತು, ಮುಂದಕ್ಕೆ ಹಾಕಿದ್ದಕ್ಕೆ ಬಾಣ. ಮೊದಲ ಪುಟಗಳಲ್ಲಿ ಪರಿವಿಡಿ ಇಟ್ಕೊಂಡರೆ ಸಂಘದ ಲೆಕ್ಕ ಯಾವ ಪುಟದಲ್ಲಿದೆ ಅಂತ ಹುಡುಕಬೇಕಿಲ್ಲ. ಬಣ್ಣದ ಪೆನ್ನು, ಸ್ಟಿಕರ್ ಎಲ್ಲ ಆಮೇಲೆ ಜನ ಸೇರಿಸ್ಕೊಂಡಿದ್ದು, ಬೇಕೇಬೇಕು ಅಂತಿಲ್ಲ. ನಾನು ಪರೀಕ್ಷೆ ಓದಿಗೆ ಇದನ್ನೇ ಇಟ್ಕೊಂಡಿದ್ದೀನಿ. ಆ ಮೂರು ಗುರುತು ನಿಮ್ಮತ್ತೆಯವರಿಗೂ ಸುಲಭಕ್ಕೆ ಅರ್ಥ ಆಗುತ್ತೆ.

ಕೃಷಿಕ, ಹೊಸನಗರ

ತಂಗೀ, ನಾನೂ ಅಡಿಕೆ ಬೆಳೆಗಾರನೇ. ಬೈಂಡಿಂಗಿನವರು ಹೇಳಿದ್ದು ಸರಿಯಾಗಿದೆ, ಅದರ ಬಗ್ಗೆ ನಂದೇನೂ ಇಲ್ಲ. ನನ್ನ ಮಾತು ಒಳಗಿನ ಗೆರೆ ಬಗ್ಗೆ.

ಈ ರೆಡಿಮೇಡ್ ಪ್ಲಾನರುಗಳನ್ನ ಮಾಡಿರೋದು ಆಫೀಸಿನವರಿಗೆ. ಸೋಮವಾರ ಹತ್ತು ಗಂಟೆ, ಮಂಗಳವಾರ ಹನ್ನೊಂದು ಗಂಟೆ. ತೋಟದ ಕೆಲಸಕ್ಕೆ ಗುರುವಾರ ಅನ್ನೋದೇ ಇಲ್ಲ ಮಾರಾಯ್ರೆ, ಮಳೆ ಬಿಟ್ಟು ಹೊಳವಾದ ದಿನವೇ ಅದರ ತಾರೀಕು. ಗುರುವಾರ ಮದ್ದು ಹೊಡೆಯೋದು ಅಂತ ಬರೀತೀರಿ, ಮಳೆ ಬಿಡಲ್ಲ. ಶುಕ್ರವಾರಕ್ಕೆ ಬರೀತೀರಿ, ಆಗಲೂ ಬಿಡಲ್ಲ. ಬಾಣ ಹಾಕಿ ಹಾಕಿ ಪುಟ ತುಂಬುತ್ತೆ, ಕೊನೆಗೆ ಪುಸ್ತಕ ಕಂಡರೇ ಬೇಜಾರಾಗುತ್ತೆ. ಪ್ಲಾನರ್ ಬಿಟ್ಟವರನ್ನ ಕೇಳಿ, ಹೆಚ್ಚಿನವರು ಬಿಟ್ಟದ್ದು ಹೀಗೇ.

ನಾನು ಪುಸ್ತಕಕ್ಕೆ ಮಳೆ ನಕ್ಷತ್ರದ ಮೇಲೆ ಗೆರೆ ಹಾಕ್ಕೊಳ್ತೀನಿ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಜೂನ್ 22ರ ಸುಮಾರಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಒಂದು ನಕ್ಷತ್ರಕ್ಕೆ ಎದುರುಬದುರು ಎರಡು ಪುಟ. ಎಡಗಡೆ, ಆ ಮಳೆಯೊಳಗೆ ಆಗಬೇಕಾದ ಕೆಲಸ, ತಾರೀಕಿಲ್ಲದೆ, ಪೆನ್ಸಿಲ್ಲಲ್ಲಿ. ಬಲಗಡೆ, ದಿನಕ್ಕೊಂದು ಸಾಲು: ಮಳೆ ಮಾಪಕದಲ್ಲಿ ಕಂಡ ಮಿಲಿಮೀಟರು, ಆವತ್ತು ನಿಜಕ್ಕೂ ಆದ ಕೆಲಸ, ಬಂದ ಆಳು. ಇದು ಬಾಲ್‌ಪೆನ್ನಲ್ಲಿ. ಬೆಳಗ್ಗೆ ಎದ್ದು ಹೊಳ ಕಂಡರೆ ಎಡಪುಟ ನೋಡೋದು, ಮೇಲಿನ ಕೆಲಸ ಹಿಡಿಯೋದು.

ಎಣಿಸಿ ಮಾಡೋ ಕೆಲಸವೂ ಇರುತ್ತಲ್ಲ. ಮಳೆ ಹಿಡಿಯೋ ಹೊತ್ತಿಗೆ ಮೊದಲ ಬೋರ್ಡೋ ಹೊಡೆದರೆ 40-45 ದಿನಕ್ಕೆ ಎರಡನೇದು. ಹೊಡೆದ ದಿನವೇ ಮೂರು ನಕ್ಷತ್ರ ಮುಂದಿನ ಪುಟ ತೆಗೆದು "ಎರಡನೇ ಔಷಧಿ, ತುತ್ತ-ಸುಣ್ಣ ತಂದಿಡು" ಅಂತ ಬರೆದುಬಿಡ್ತೀನಿ. ನೂರು ಲೀಟರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ, ಎಷ್ಟು ಬ್ಯಾರಲ್ ಬೇಕು ಅನ್ನೋದೂ ಅಲ್ಲೇ ಇರುತ್ತೆ. ಹಿಂದಿನ ವರ್ಷದ ಪುಸ್ತಕ ಪಕ್ಕದಲ್ಲಿಟ್ಟರೆ, ಪುಷ್ಯ ಮಳೆಯಲ್ಲಿ ಹೋದ ಸಲ ಕೊಳೆ ರೋಗ ಯಾವ ಮೂಲೆಯಲ್ಲಿ ಶುರುವಾಯ್ತು ಅಂತ ಕಾಣುತ್ತೆ. ಫೋನಿನ ರಿಮೈಂಡರ್ ಕೆಲಸ ಮುಗಿದ ಮೇಲೆ ಕಣ್ಣಿಗೆ ಬೀಳಲ್ಲ, ಇದು ಉಳಿಯುತ್ತೆ. ಹಳೇ ಪುಸ್ತಕಗಳನ್ನ ಅಟ್ಟದಲ್ಲಿ, ಒಲೆಯ ಬಿಸಿ ತಾಗೋ ಕಡೆ ಇಡಿ.

ತೋಟದಮನೆ, ತೀರ್ಥಹಳ್ಳಿ

ಅಣ್ಣಾ, ಹೊಳವಾದ ದಿನವೇ ತಾರೀಕು ಅಂದ್ರಲ್ಲ, ಅದನ್ನ ಅತ್ತೆಗೆ ಓದಿ ಹೇಳಿದೆ. ಮಾವನೂ ಪಂಚಾಂಗದ ಅಂಚಲ್ಲಿ ಹೀಗೇ ಬರೀತಿದ್ರು ಅಂದರು.

ಆದರೆ ನನಗೆ ಬರೀ ನಕ್ಷತ್ರ ಸಾಲಲ್ಲ. ಮಗಳ ಶುಲ್ಕ, ಅತ್ತೆಯ ಡಾಕ್ಟರ ತಪಾಸಣೆ, ಮಂಗಳವಾರದ ಸಂಘ, ಗ್ಯಾಸ್ ಬುಕಿಂಗ್ ಇವೆಲ್ಲ ಮಳೆ ಬಂದರೂ ನಿಲ್ಲಲ್ಲ. ಅದಕ್ಕೆ ಹೀಗೆ ಯೋಚನೆ ಮಾಡಿದ್ದೀನಿ: ವಾರಕ್ಕೆ ಎರಡು ಪುಟ. ಎಡಪುಟದಲ್ಲಿ ಏಳು ದಿನ, ತಾರೀಕು ನಾನೇ ದಪ್ಪಕ್ಕೆ ಬರ್ಕೊಳ್ತೀನಿ. ತಾರೀಕಿಗೆ ಕಟ್ಟುಬಿದ್ದ ಕೆಲಸ ಮಾತ್ರ ಅಲ್ಲಿ. ಬಲಪುಟ ಪೂರ್ತಿ ಖಾಲಿ, ತಲೆ ಮೇಲೆ ನಕ್ಷತ್ರದ ಹೆಸರು, ಕೆಳಗೆ ಹೊಳ ನೋಡಿ ಮಾಡೋ ಕೆಲಸ. ಸಾಗರದ ತಂಗಿ ಹೇಳಿದ ಚುಕ್ಕಿ, ಗುಣಿಸು ಗುರುತು ಎರಡೂ ಪುಟಕ್ಕೆ. ಬಾಣ ಎಡಪುಟಕ್ಕೆ ಮಾತ್ರ. ಕೊಯ್ಲಿನ ಲೆಕ್ಕಕ್ಕೆ ಹಿಂದೆ ಒಂದಿಷ್ಟು ಗೆರೆ ಹಾಕಿದ ಹಾಳೆ ಸೇರಿಸಬೇಕು, ಎಷ್ಟು ಕೊನೆ ಬಂತು, ಸುಲಿದದ್ದೆಷ್ಟು, ಯಾರಿಗೆ ಎಷ್ಟು ಕೊಟ್ಟಿದ್ದು ಅಂತ.

ಇಂಥದ್ದು ಅಂಗಡೀಲಿ ಸಿಗಲ್ಲ. ಬೈಂಡಿಂಗ್ ಅಣ್ಣಾ, ಬಿ5 ಅಳತೆಗೆ ಹೊಲಿದು ಕೊಡ್ತೀರಾ? ಪುಟದ ಗೆರೆ ನಾನೇ ಹಾಕ್ಕೊಳ್ತೀನಿ.

ಬೈಂಡಿಂಗ್ ಕೆಲಸ, ಶಿವಮೊಗ್ಗ

ಧಾರಾಳವಾಗಿ ಮಾಡೋಣ ಅಕ್ಕಾ. 53 ಹಾಳೆ ಪ್ಲಾನರಿಗೆ, ಹಿಂದೆ 27 ಹಾಳೆ ಲೆಕ್ಕಕ್ಕೆ, ಒಟ್ಟು 80. ಎಂಟು ಹಾಳೆಗೊಂದು ಮಡಿಕೆ ಮಾಡಿದರೆ ಹತ್ತು ಮಡಿಕೆ, ಹೊಲಿಗೆ ಗಟ್ಟಿ ಬರುತ್ತೆ. ಲೆಕ್ಕದ ಭಾಗ ಬೇಗ ಮುಗಿಯುತ್ತೆ ಅನ್ನಿಸಿದರೆ ಬೇರೆ ಪುಸ್ತಕವಾಗಿ ಹೊಲಿದು, ಹಿಂದಿನ ರಟ್ಟಿಗೆ ಜೇಬು ಮಾಡಿ ಅದರಲ್ಲಿ ಸಿಕ್ಕಿಸಬಹುದು, ಮುಗಿದಾಗ ಅದನ್ನಷ್ಟೇ ಬದಲಾಯಿಸಿ. ಯಾವುದು ಬೇಕು ಹೇಳಿ. ಮೇ ತಿಂಗಳ ಒಳಗೆ ಹೇಳಿದರೆ ಒಳ್ಳೇದು. ಮಳೆ ಹಿಡಿದ ಮೇಲೆ ಮೈದಾ ಅಂಟು ಬೇಗ ಒಣಗಲ್ಲ, ರಟ್ಟು ಸೊಟ್ಟ ಆಗುತ್ತೆ.