ಸಾಸೇಜ್ ಹಾಕಿದ ಕ್ರೀಮ್ ಪಾಸ್ತಾ: ಸಾಸ್ ಒಡೆಯದಂತೆ ಮಾಡುವುದು ಹೇಗೆ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಇಟಲಿಯ ಉಂಬ್ರಿಯಾ ಪ್ರಾಂತ್ಯದ ನೋರ್ಚಾ ಪಟ್ಟಣದ ಶೈಲಿಯ ಸಾಸೇಜ್ ಪಾಸ್ತಾವನ್ನು, ಕೆಲಸದಿಂದ ಬಂದ ಮೇಲೆ, ನಾಲ್ವರ ರಾತ್ರಿಯೂಟಕ್ಕೆ ಮಾಡಬೇಕೆಂದಿದ್ದೇನೆ. ಇಲ್ಲಿ ಸಿಗುವ ಪೊಟ್ಟಣದ ಕ್ರೀಮಿನಲ್ಲಿ ಕೊಬ್ಬು ಶೇ. 25ರಷ್ಟೇ ಇರುವುದರಿಂದ ಅದು ಒಡೆಯದಂತೆ ಹೇಗೆ ನೋಡಿಕೊಳ್ಳಬೇಕು? ಯಾವ ಸಾಸೇಜ್ ಸೂಕ್ತ?

ಉತ್ತರ: ಬೇಯಿಸಿ ಪ್ಯಾಕ್ ಮಾಡಿದ ಫ್ರಾಂಕ್‌ಫರ್ಟರ್ ಬೇಡ, ಹಸಿ ಹಂದಿಮಾಂಸದ ಸಾಸೇಜನ್ನೇ ತನ್ನಿ. 400 ಗ್ರಾಂ ಪೆನ್ನೆಗೆ (ಕೊಳವೆಯಾಕಾರದ ಪಾಸ್ತಾ) 300 ಗ್ರಾಂ ಸಾಕು. ಮೇಲಿನ ಪೊರೆಯನ್ನು ಸೀಳಿ ತೆಗೆದು, ಮಾಂಸವನ್ನು ಪುಡಿಮಾಡಿ ಅಗಲವಾದ ಬಾಣಲೆಯಲ್ಲಿ ಹರಡಿ, ಅಂಚುಗಳು ಕಂದು ಬಣ್ಣಕ್ಕೆ ತಿರುಗುವವರೆಗೆ ಕೈಯಾಡಿಸದೆ ಬಿಡಿ. ರುಚಿಯೆಲ್ಲ ತಳಕ್ಕೆ ಅಂಟಿದ ಆ ಕಂದು ಪದರದಲ್ಲಿದೆ. ಆಮೇಲೆ ಈರುಳ್ಳಿ ಹಾಕಿ, ಸ್ವಲ್ಪ ಬಿಳಿ ವೈನ್ ಅಥವಾ ನೀರು ಸುರಿದು ಅದನ್ನು ಕೆರೆದು ಬಿಡಿಸಿಕೊಳ್ಳಿ.

ಉತ್ತರ: ಕ್ರೀಮ್ ಒಡೆಯುವುದು ಜೋರು ಉರಿ ಮತ್ತು ಹುಳಿಯಿಂದ. ಆದ್ದರಿಂದ ವೈನ್ ಪೂರ್ತಿ ಇಂಗಿದ ಮೇಲೆ ಉರಿ ತಗ್ಗಿಸಿ, ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟ 200 ಮಿ.ಲೀ. ಕ್ರೀಮ್ ಸೇರಿಸಿ, ಕುದಿಯಲು ಬಿಡಬೇಡಿ. ಪಾಸ್ತಾವನ್ನು ಒಂದು ನಿಮಿಷ ಮುಂಚೆಯೇ ಇಳಿಸಿ, ಅದು ಬೆಂದ ನೀರನ್ನು ಒಂದು ಲೋಟ ಎತ್ತಿಟ್ಟುಕೊಳ್ಳಿ, ಏಕೆಂದರೆ ಅದರಲ್ಲಿರುವ ಪಿಷ್ಟವೇ ಕೊಬ್ಬನ್ನೂ ನೀರನ್ನೂ ಬೇರ್ಪಡದಂತೆ ಹಿಡಿದಿಡುತ್ತದೆ.

ಉತ್ತರ: ತುರಿದ ಪೆಕೊರಿನೊ ಚೀಸನ್ನು ಒಲೆ ಆರಿಸಿದ ನಂತರವೇ ಹಾಕಿ, ಇಲ್ಲವಾದರೆ ಗಂಟು ಕಟ್ಟುತ್ತದೆ. ಸಾಸೇಜ್, ಚೀಸ್ ಎರಡರಲ್ಲೂ ಉಪ್ಪಿರುವುದರಿಂದ ಸಾಸ್‌ಗೆ ಬೇರೆ ಉಪ್ಪು ಬೇಡ. ಕಾಳುಮೆಣಸನ್ನು ಮಾತ್ರ ಧಾರಾಳವಾಗಿ ಕುಟ್ಟಿ ಹಾಕಿ.