ಸೈಕಲ್ ನಿಯಮಗಳು ಬರಲಿವೆ: ಮೊದಲು ಯಾವುದನ್ನು ಕೇಳೋಣ? (ಜೊತೆಗೆ ಒಂದು ಮಂಡಿನೋವಿನ ಪ್ರಶ್ನೆ)

ಸರಸ್ವತಿಪುರಂ ಸವಾರಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಕೇಳಬೇಕಾದದ್ದು ಎರಡು. ಒಂದು ಮಂಡಿಯದು, ಇನ್ನೊಂದು ಕಾನೂನಿನದು. ಎರಡನ್ನೂ ಹೊತ್ತು ತಿರುಗುವುದು ಒಂದೇ ಸೈಕಲ್ಲಾದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ನನಗೆ ನಲವತ್ತೇಳು ವರ್ಷ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ, ಅಂದರೆ ದಿನವಿಡೀ ಕುರ್ಚಿ. ಅಪ್ಪನಿಗೆ ಸಕ್ಕರೆ ಕಾಯಿಲೆ, ದೊಡ್ಡಪ್ಪನಿಗೂ. ನನ್ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 6.2 ಎಂದು ಬಂದಾಗ ವೈದ್ಯರು ಮಾತ್ರೆ ಬರೆಯಲಿಲ್ಲ, ಬೆವರು ಬರೆದರು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂತೆ ಏನಾದರೂ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆಯಲ್ಲ, ಅದೇ ಲೆಕ್ಕ. ಜಿಮ್‌ಗೆ ಹೋಗಲು ಸಮಯವಿಲ್ಲ. ಸಮಯವಿದ್ದರೂ ಕನ್ನಡಿಯ ಮುಂದೆ ನಿಂತು ಭಾರ ಎತ್ತುವ ಮನಸ್ಸಿಲ್ಲ. ಹಾಗಾಗಿ ಕಚೇರಿಗೆ ಹೋಗಿ ಬರುವುದನ್ನೇ ವ್ಯಾಯಾಮ ಮಾಡಿಕೊಂಡೆ.

ಮನೆ ಬಿಟ್ಟು ಕುಕ್ಕರಹಳ್ಳಿ ಕೆರೆಯ ಪಕ್ಕದಿಂದ ಹುಣಸೂರು ರಸ್ತೆ ದಾಟಿ, ಪಡುವಾರಹಳ್ಳಿ, ಗೋಕುಲಂ ಮೂಲಕ ಕೆಆರ್‌ಎಸ್ ರಸ್ತೆ ಸೇರಿ, ಮೇಟಗಳ್ಳಿಯಿಂದ ಹೆಬ್ಬಾಳ. ಗೋಕುಲಂವರೆಗೆ ಮರದ ನೆರಳು, ಹಾಲಿನವರು, ವಾಕಿಂಗ್ ಹೊರಟ ಅಜ್ಜಂದಿರು. ಅಲ್ಲಿಂದ ಮುಂದೆ ಬಸ್ಸು, ಲಾರಿ, ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನ ಬೈಕುಗಳ ಹಿಂಡು. ಸೈಕಲ್ಲು ಏಳು ಗೇರಿನದು, ಮಡ್‌ಗಾರ್ಡ್ ಇದೆ, ಹಿಂದೆ ಕ್ಯಾರಿಯರ್ ಇದೆ, ಊಟದ ಡಬ್ಬಿ ಅದರಲ್ಲೇ. ನಾನು ಚೂಡಿದಾರ ತೊಟ್ಟೇ ತುಳಿಯುತ್ತೇನೆ. ದುಪಟ್ಟಾ ಮಾತ್ರ ಚೀಲದೊಳಗೆ. ಭಾನುವಾರ ಮನಸ್ಸಾದರೆ ಚಾಮುಂಡಿ ಬೆಟ್ಟ, ಮನಸ್ಸಾಗದಿದ್ದರೆ ಶ್ರೀರಂಗಪಟ್ಟಣದ ಕಡೆ. ಈ ಸಲದ ವರದಿಯಲ್ಲಿ 5.7 ಬಂದಿದೆ. ಮೆಟ್ಟಿಲು ಹತ್ತುವಾಗ ಏದುಸಿರಿಲ್ಲ. ಅನ್ನ ಕಡಿಮೆ ಮಾಡಿದ್ದೂ ಇದಕ್ಕೆ ಸೇರಿದೆ, ಪೂರ್ತಿ ಶ್ರೇಯಸ್ಸು ಸೈಕಲ್ಲಿಗೆ ಕೊಡಲಾರೆ.

ಮಂಡಿಯ ಪ್ರಶ್ನೆ: ಬೆಟ್ಟದ ಏರಿನಲ್ಲಿ ಬಲ ಮಂಡಿಯ ಮುಂಭಾಗ, ಚಿಪ್ಪಿನ ಸುತ್ತ ನೋವು. ಇಳಿದ ಮೇಲೆ ಸಂಜೆಯವರೆಗೂ ಇರುತ್ತದೆ. ಏನು ಮಾಡಲಿ?

ಕಾನೂನಿನ ಪ್ರಶ್ನೆ ಸ್ವಲ್ಪ ಉದ್ದ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ 138(1ಎ) ಎಂಬ ಉಪವಿಭಾಗ ಸೇರಿತು. ರಸ್ತೆ ಸುರಕ್ಷತೆಗಾಗಿ ಪಾದಚಾರಿಗಳು ಮತ್ತು ಸೈಕಲ್‌ನಂಥ ವಾಹನಗಳ ವಿಷಯದಲ್ಲಿ ರಾಜ್ಯ ಸರ್ಕಾರವೇ ನಿಯಮ ಮಾಡಬಹುದು ಎಂದು ಅದು ಹೇಳುತ್ತದೆ. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, ಆರು ತಿಂಗಳಲ್ಲಿ ಆ ನಿಯಮಗಳನ್ನು ರೂಪಿಸಿ ಎಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ನಮ್ಮ ಬೆಳಗಿನ ಸವಾರರ ಗುಂಪು ಸಾರಿಗೆ ಇಲಾಖೆಗೆ ಸಲಹಾಪತ್ರ ಬರೆಯಲು ಹೊರಟಿದೆ. ಕರಡು ತಯಾರಿಸುವ ಕೆಲಸ ನನ್ನ ತಲೆಗೆ ಬಂದಿದೆ.

ತಕರಾರು ಇರುವುದು ಇಲ್ಲಿ. ಗುಂಪಿನಲ್ಲಿ ಹೆಚ್ಚಿನವರು ಮೊದಲ ಅಂಶವಾಗಿ 'ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ' ಎಂದು ಬರೆಯಿರಿ, ನಾವು ಶಿಸ್ತಿನವರು ಎಂದು ತೋರುತ್ತದೆ ಎನ್ನುತ್ತಾರೆ. ನಾನು ಹೆಲ್ಮೆಟ್ ಇಲ್ಲದೆ ಗೇಟು ದಾಟುವವಳಲ್ಲ. ಆದರೆ ದೇವರಾಜ ಮಾರುಕಟ್ಟೆಯಿಂದ ಹೂವಿನ ಮೂಟೆ ಹೊತ್ತು ತುಳಿಯುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ದಂಡದ ರಸೀದಿ ಹರಿದುಕೊಟ್ಟರೆ ರಸ್ತೆ ಸುರಕ್ಷಿತವಾಗುತ್ತದೆಯೇ? ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶುರುವಾಯಿತು. ಲಕ್ಷಾಂತರ ಸೈಕಲ್ ಹಂಚಿದೆವು. ಆ ಮಕ್ಕಳ ಪಕ್ಕದಲ್ಲಿ ಲಾರಿ ಎಷ್ಟು ದೂರದಿಂದ ಹೋಗಬೇಕು ಎಂಬ ಒಂದು ಸಾಲಿನ ಅಳತೆಯನ್ನು ಮಾತ್ರ ಬರೆಯಲಿಲ್ಲ.

ಮಳೆಗಾಲದಲ್ಲಿ ಮೇಟಗಳ್ಳಿಯ ಬಳಿ ಖಾಸಗಿ ಬಸ್ಸೊಂದು ನನ್ನ ಕ್ಯಾರಿಯರಿನ ಚೀಲವನ್ನು ಸವರಿಕೊಂಡೇ ಹೋಯಿತು. ನನ್ನ ತಲೆಯ ಮೇಲೆ ಹೆಲ್ಮೆಟ್ಟಿತ್ತು, ಹಿಂದೆ ದೀಪವಿತ್ತು, ನಾನು ಎಡ ಅಂಚಿನಲ್ಲೇ ಇದ್ದೆ. ನನ್ನ ಕಡೆಯಿಂದ ಪಾಲಿಸಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ. ಅದಕ್ಕೇ, ಮೊದಲು ಬರೆಯಬೇಕಾದದ್ದು ಹಿಂದಿಕ್ಕುವವರು ಬಿಡಬೇಕಾದ ಅಂತರ ಎಂಬುದು ನನ್ನ ವಾದ. ನಿಮಗೆ ಏನನ್ನಿಸುತ್ತದೆ?

ಮಂಡಿ ವೈದ್ಯೆ (ಹುಬ್ಬಳ್ಳಿ)

ಅಕ್ಕ, ಫಿಸಿಯೋಥೆರಪಿ ನನ್ನ ವೃತ್ತಿ. ನೋಡದೆ ಖಚಿತವಾಗಿ ಹೇಳಬಾರದು, ಆದರೆ ಮಂಡಿಯ ಮುಂಭಾಗದ ನೋವೆಂದರೆ ನಾನು ಮೊದಲು ನೋಡುವುದು ಸೀಟಿನ ಎತ್ತರವನ್ನು. ನಮ್ಮಲ್ಲಿ ಹೆಚ್ಚಿನವರು ಎರಡೂ ಕಾಲು ನೆಲಕ್ಕೆ ತಾಗಬೇಕೆಂದು ಸೀಟು ತಗ್ಗಿಸಿಕೊಂಡಿರುತ್ತಾರೆ. ಆಗ ಪ್ರತಿ ತುಳಿತದಲ್ಲೂ ಮಂಡಿ ಅತಿಯಾಗಿ ಮಡಚುತ್ತದೆ, ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಕೆಳಗಿನ ತುದಿಗೆ ತಂದು ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಒಮ್ಮೆಲೇ ಎತ್ತರಿಸಬೇಡಿ, ಅರ್ಧರ್ಧ ಸೆಂಟಿಮೀಟರ್ ಏರಿಸುತ್ತ ಹೋಗಿ.

ಎರಡನೆಯದು ಗೇರು. ಏರಿನಲ್ಲಿ ಭಾರದ ಗೇರು ಹಾಕಿ ಒತ್ತಿ ಒತ್ತಿ ತುಳಿಯಬೇಡಿ. ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ, ಕಾಲು ಬೇಗ ಬೇಗ ತಿರುಗಲಿ. ಸಮತಟ್ಟಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತಿನಷ್ಟು ಬಂದರೆ ಸಾಕು. ಮನೆಯಲ್ಲಿ ವಾರಕ್ಕೆರಡು ಸಲ ಅರ್ಧ ಬಸ್ಕಿ ಹೊಡೆಯಿರಿ, ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಊತ ಬಂದರೆ, ನಡೆಯುವಾಗ ಮಂಡಿ ಕೈಕೊಟ್ಟಂತಾದರೆ ಬೆಟ್ಟ ಬಿಟ್ಟು ಮೂಳೆ ವೈದ್ಯರ ಬಳಿ ಹೋಗಿ.

ಕಾನೂನು ನನಗೆ ಗೊತ್ತಿಲ್ಲ. ಸಹಿ ಬೇಕಾದರೆ ಹಾಕುತ್ತೇನೆ.

ಸಾಧನಕೇರಿ ಕಾಕಾ (ಧಾರವಾಡ)

ತಂಗಿ, ನನಗೀಗ ಎಪ್ಪತ್ತೊಂದು. ನಾವು ಕಾಲೇಜಿಗೆ ಹೋಗುವ ಕಾಲಕ್ಕೆ ಸೈಕಲ್ಲಿಗೂ ತೆರಿಗೆ ಇತ್ತು, ಕಟ್ಟಿದವರಿಗೆ ಹಿತ್ತಾಳೆಯ ಬಿಲ್ಲೆ. ರಾತ್ರಿ ದೀಪವಿಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು, ಇಬ್ಬರು ಕೂತು ಹೋದರೆ ಗಾಳಿ ಬಿಟ್ಟು ಕಳಿಸುತ್ತಿದ್ದರು. ಡೈನಮೊ ಕೆಟ್ಟರೆ ಕೈಯಲ್ಲಿ ಟಾರ್ಚು ಹಿಡಿದು ಬಂದದ್ದೂ ಉಂಟು. ಅಂದರೆ ಸೈಕಲ್ಲಿನವನ ಮೇಲೆ ಕಾನೂನು ಇರಲಿಲ್ಲವೆಂದಲ್ಲ, ಇದ್ದದ್ದೆಲ್ಲ ಅವನ ಮೇಲೆಯೇ ಇತ್ತು. ಹೊಸದಾಗಿ ಬರೆಯುವಾಗ ಮತ್ತೆ ಅವನನ್ನೇ ಹಿಡಿದು ನಿಲ್ಲಿಸುವ ಕಾನೂನನ್ನು ನಾವೇ ಯಾಕೆ ಕೇಳಬೇಕು? ದೀಪದ ನಿಯಮ ಮಾತ್ರ ಇರಲಿ. ಅದರ ಬೆಲೆ ಕಡಿಮೆ, ಉಪಯೋಗ ದೊಡ್ಡದು. ಈಗಲೂ ಬೆಳಿಗ್ಗೆ ಕೆಲಗೇರಿ ಕೆರೆಯ ಕಡೆ ಹೋಗುತ್ತೇನೆ. ಇಳಿಜಾರಿನಲ್ಲಿ ಇಳಿದು ನೂಕುತ್ತೇನೆ, ನಗುವವರು ನಗಲಿ.

ಹೊರವರ್ತುಲ (ಬೆಂಗಳೂರು)

ಮೇಡಂ, ಅಮೆರಿಕದ ಐಡಾಹೊ ರಾಜ್ಯದಲ್ಲಿ 1982ರಿಂದಲೇ ಒಂದು ಕಾನೂನಿದೆ. 'ನಿಲ್ಲಿ' ಫಲಕವಿದ್ದಲ್ಲಿ ಸೈಕಲ್ಲಿನವರು ಪೂರ್ತಿ ನಿಲ್ಲಬೇಕಿಲ್ಲ, ನಿಧಾನಿಸಿ, ಯಾರೂ ಇಲ್ಲದಿದ್ದರೆ ಸಾಗಬಹುದು. ಆಮೇಲೆ ಡೆಲವೇರ್, ಒರೆಗಾನ್ ಮುಂತಾದ ರಾಜ್ಯಗಳೂ ಅದೇ ದಾರಿ ಹಿಡಿದವು. ನಾವೂ ಕೇಳಬಾರದೇಕೆ? ಪ್ರತ್ಯೇಕ ಪಥದ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ. 2020ರಲ್ಲಿ ಇಲ್ಲಿನ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಪಥ ಮಾಡಿದರು. ಪ್ಲಾಸ್ಟಿಕ್ ಕಂಬಗಳು ಮುರಿದವು, ಬೈಕುಗಳು ನುಗ್ಗಿದವು. ನಡಿಗೆ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ ನಗರ ಭೂ ಸಾರಿಗೆ ನಿರ್ದೇಶನಾಲಯ ಮಸೂದೆಯ ಕರಡನ್ನೂ ಮಾಡಿತ್ತು. ಅದನ್ನು ಒಮ್ಮೆ ಓದಿ, ನಿಮ್ಮ ಪತ್ರಕ್ಕೆ ಸಾಮಗ್ರಿ ಸಿಗುತ್ತದೆ.

ನಿವೃತ್ತ ಸ್ಟೇರಿಂಗ್ (ಹಾಸನ)

ಅಮ್ಮಾ, ನಾನು ಇಪ್ಪತ್ತೊಂಬತ್ತು ವರ್ಷ ಬಸ್ ಓಡಿಸಿದವನು. ಸೈಕಲ್ಲಿನವರು ಬೈಯುವುದನ್ನು ಕೇಳಿ ಕೇಳಿ ಅಭ್ಯಾಸವಾಗಿದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಬಸ್ಸಿನ ಅಗಲ ಎರಡೂವರೆ ಮೀಟರ್. ಎರಡು ಪಥದ ರಸ್ತೆ ಏಳು ಮೀಟರ್. ಅಂಚಿನಲ್ಲಿ ಹೋಗುವ ನಿಮಗೆ ಒಂದು ಮೀಟರ್ ಬೇಕು. ಅದರ ಮೇಲೆ ಒಂದೂವರೆ ಮೀಟರ್ ಅಂತರ ಬಿಟ್ಟರೆ ಒಟ್ಟು ಐದಾಯಿತು. ಉಳಿದ ಎರಡು ಮೀಟರಿನಲ್ಲಿ ಎದುರಿನ ಲಾರಿ ಎಲ್ಲಿ ಹೋಗಬೇಕು? ಇನ್ನು ಕನ್ನಡಿಗಳನ್ನು ನಾನು ಸೇರಿಸಿಲ್ಲ.

ಹಾಗಾದರೆ ಹಿಂದೆ ಕಾಯಬೇಕು ಎನ್ನುತ್ತೀರಿ. ಸರಿ, ಕಾಯಬಹುದು. ಆದರೆ ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಾನೆ, ಪ್ರಯಾಣಿಕರು ಗೊಣಗುತ್ತಾರೆ, ಡಿಪೋದಲ್ಲಿ ತಡವೇಕೆ ಎಂದು ಕೇಳುತ್ತಾರೆ. ಸಮಯಪಟ್ಟಿ ಬರೆಯುವವನು ಸೈಕಲ್ಲನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಚಾಲಕನಿಗೆ ಮಾತ್ರ ದಂಡ ಹಾಕಿ ಸಮಯಪಟ್ಟಿಯನ್ನು ಹಾಗೇ ಬಿಟ್ಟರೆ ಬಸ್ಸು ನಿಮ್ಮನ್ನು ಸವರಿಕೊಂಡೇ ಹೋಗುತ್ತಿರುತ್ತದೆ.

ನಿಮಗೊಂದು ಮಾತು. ಎಡಕ್ಕೆ ತಿರುಗುವ ಬಸ್ಸಿನ ಎಡಪಕ್ಕಕ್ಕೆ ನುಗ್ಗಬೇಡಿ. ಮುಂದಿನ ಚಕ್ರ ದಾಟಿದ ಜಾಗದಲ್ಲೂ ಹಿಂದಿನ ಚಕ್ರ ಒಳಕ್ಕೆ ಬಂದು ಒತ್ತುತ್ತದೆ. ಅಲ್ಲಿ ನಿಂತವರು ಚಾಲಕನಿಗೆ ಕಾಣುವುದೂ ಕಷ್ಟ. ಗುಂಡಿ ಕಂಡರೆ ತಟ್ಟನೆ ಬಲಕ್ಕೆ ಎಳೆಯಬೇಡಿ, ಮುಂಚೆಯೇ ಕೈ ತೋರಿಸಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಚಾಲಕರ ಲೆಕ್ಕ ಸರಿಯಾಗಿದೆ, ಇಲ್ಲಿಯೂ ಅದೇ ಲೆಕ್ಕ. ಜರ್ಮನಿಯಲ್ಲಿ 2020ರ ಏಪ್ರಿಲ್‌ನಿಂದ ಸೈಕಲ್ ಹಿಂದಿಕ್ಕುವಾಗ ಊರೊಳಗೆ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್ ಬಿಡಬೇಕು. ಜಾಗವಿಲ್ಲದಿದ್ದರೆ ಹಿಂದೆಯೇ ಬರಬೇಕು, ಬೇರೆ ಉಪಾಯವಿಲ್ಲ. ಯಾರೂ ಟೇಪು ಹಿಡಿದು ಅಳೆಯುತ್ತ ನಿಂತಿರುವುದಿಲ್ಲ, ಉಲ್ಲಂಘನೆ ಧಾರಾಳವಾಗಿಯೇ ನಡೆಯುತ್ತದೆ. ಆದರೆ ಡ್ರೈವಿಂಗ್ ಶಾಲೆಯಲ್ಲಿ ಆ ಸಂಖ್ಯೆಯನ್ನು ಕಲಿಸುತ್ತಾರೆ, ಅಪಘಾತವಾದಾಗ ತಪ್ಪು ಯಾರದೆಂಬ ಚರ್ಚೆಯಲ್ಲಿ ಅದು ಮೇಜಿನ ಮೇಲಿರುತ್ತದೆ. ವಯಸ್ಕರಿಗೆ, ಮಕ್ಕಳಿಗೆ ಯಾರಿಗೂ ಇಲ್ಲಿ ಸೈಕಲ್ ಹೆಲ್ಮೆಟ್ ಕಡ್ಡಾಯವಲ್ಲ. ನಾನು ಹಾಕುತ್ತೇನೆ, ಪಕ್ಕದ ಮನೆಯ ಅಜ್ಜಿ ಹಾಕುವುದಿಲ್ಲ. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ 'ಹೈವೇ ಕೋಡ್'ನಲ್ಲೂ 2022ರಲ್ಲಿ ಒಂದೂವರೆ ಮೀಟರ್ ಸೇರಿತು.

ಸರಸ್ವತಿಪುರಂ ಸವಾರಿ (ಮೈಸೂರು)

ಇಷ್ಟು ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಎಲ್ಲರಿಗೂ ವಂದನೆ.

ಹಾಸನದ ಅಣ್ಣ, ನಿಮ್ಮ ಕೂಡುಲೆಕ್ಕವನ್ನು ಮತ್ತೊಮ್ಮೆ ಕೂಡಿ ನೋಡಿದೆ (ವೃತ್ತಿದೋಷ). ಐದು ಮೀಟರ್ ಸರಿಯಾಗಿದೆ. ಏಳು ಮೀಟರಿನ ರಸ್ತೆಯಲ್ಲಿ ಎದುರು ವಾಹನವಿರುವಾಗ ಸೈಕಲ್ಲನ್ನು ಹಿಂದಿಕ್ಕಲು ಜಾಗವೇ ಇಲ್ಲ ಎಂದು ನಿಮ್ಮ ಲೆಕ್ಕವೇ ಹೇಳುತ್ತದೆ. ಇಷ್ಟು ದಿನ ಆ ಇಲ್ಲದ ಜಾಗವನ್ನು ನಮ್ಮ ಹ್ಯಾಂಡಲಿನ ಪಕ್ಕದಿಂದ ಕಿತ್ತು ಕೊಡಲಾಗುತ್ತಿತ್ತು, ಅಷ್ಟೆ. ಸಮಯಪಟ್ಟಿಯ ಮಾತು ನನಗೆ ಹೊಳೆದಿರಲೇ ಇಲ್ಲ. ಅದನ್ನು ಪತ್ರದಲ್ಲಿ ಎರಡನೇ ಅಂಶವಾಗಿ ಹಾಕುತ್ತೇನೆ: ಅಂತರದ ನಿಯಮದ ಜೊತೆಗೇ ನಗರದೊಳಗಿನ ಬಸ್ಸುಗಳ ಓಟದ ಅವಧಿಯನ್ನೂ ಪರಿಷ್ಕರಿಸಬೇಕು.

ಬೆಂಗಳೂರಿನವರೇ, ಐಡಾಹೊ ಬೇಡ. ಅಲ್ಲಿಯ ನಾಲ್ಕು ರಸ್ತೆ ಕೂಡುವಲ್ಲಿ ಉಳಿದವರಾದರೂ ನಿಲ್ಲುತ್ತಾರೆ. ಇಲ್ಲಿ ಕೆಂಪು ದೀಪವಿದ್ದಾಗಲೂ ಬೈಕುಗಳು ಜಾರಿಕೊಳ್ಳುತ್ತಿರುವಾಗ ನಮಗೊಂದು ವಿನಾಯಿತಿ ಕೇಳಿದರೆ, ಪಾಪ, ದಾಟಲು ಕಾದಿರುವ ಮುದುಕರ ಶಾಪ ತಟ್ಟುತ್ತದೆ. ಮಸೂದೆಯ ಕರಡನ್ನು ಖಂಡಿತ ಓದುತ್ತೇನೆ. ಪಥದ ಬೇಡಿಕೆಯನ್ನು ಬಿಡುವುದಿಲ್ಲ, ಆದರೆ ಪ್ಲಾಸ್ಟಿಕ್ ಕಂಬ ಬೇಡ, ಕಲ್ಲಿನ ಅಂಚುಕಟ್ಟು ಇರಲಿ ಎಂದು ಬರೆಯುತ್ತೇನೆ.

ನನಗೆ ಹೆಚ್ಚು ಭಯವಿರುವುದು ಇನ್ನೊಂದರ ಬಗ್ಗೆ. ಅದೇ 138(1ಎ) ಅಡಿಯಲ್ಲಿ ಸೈಕಲ್ಲುಗಳ ಪ್ರವೇಶವನ್ನೂ ನಿಯಂತ್ರಿಸಬಹುದು. ಸುರಕ್ಷತೆ ಎಂದು ಹೇಳಿ ಮುಖ್ಯರಸ್ತೆಗಳಿಂದ ನಮ್ಮನ್ನು ಹೊರಗಿಡುವುದು ಎಲ್ಲಕ್ಕಿಂತ ಸುಲಭದ ನಿಯಮ. ಕೋಲ್ಕತ್ತದಲ್ಲಿ ನೂರಕ್ಕೂ ಹೆಚ್ಚು ರಸ್ತೆಗಳಲ್ಲಿ ಸೈಕಲ್ ನಿಷೇಧಿಸಿದ್ದರು. ಬೀದಿಬೀದಿಗೆ ಹಾಲು, ಪೇಪರು ಒಯ್ಯುವವರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ನಮಗೂ ಪ್ರವೇಶವಿಲ್ಲ. ಅದು ವೇಗದ ಹೆದ್ದಾರಿ, ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಕೆಆರ್‌ಎಸ್ ರಸ್ತೆಗೂ ಅದೇ ನ್ಯಾಯ ಬಂದರೆ ನಾನು ಹೆಬ್ಬಾಳ ತಲುಪುವುದು ಹೇಗೆ? ಆದ್ದರಿಂದ ಮೂರನೇ ಅಂಶ: ಪರ್ಯಾಯ ದಾರಿ ಸಿದ್ಧವಿಲ್ಲದ ಯಾವ ನಗರ ರಸ್ತೆಯಲ್ಲೂ ಸೈಕಲ್ ನಿಷೇಧಿಸಬಾರದು.

ಹೆಲ್ಮೆಟ್ಟಿನ ಸಾಲು ಪತ್ರದಲ್ಲಿ ಇರುವುದಿಲ್ಲ. ಗುಂಪಿನಲ್ಲಿ ಜಗಳವಾಗುತ್ತದೆ, ಆಗಲಿ. ಕಾಕಾ, ದೀಪದ ಸಾಲು ಇರುತ್ತದೆ, ಆದರೆ ದಂಡದ ಬದಲು ಹೊಸ ಸೈಕಲ್ ಮಾರುವಾಗಲೇ ದೀಪ ಜೋಡಿಸಿ ಕೊಡಬೇಕೆಂದು.

ಕರಡನ್ನು ಬುಧವಾರ ಇಲ್ಲೇ ಹಾಕುತ್ತೇನೆ, ತಿದ್ದಿಕೊಡಿ.

ಮಂಡಿ ವೈದ್ಯೆ (ಹುಬ್ಬಳ್ಳಿ)

ಎಲ್ಲ ಸರಿ ಅಕ್ಕ, ಸೀಟು ಏರಿಸಿದಿರಾ?

ಸರಸ್ವತಿಪುರಂ ಸವಾರಿ (ಮೈಸೂರು)

ಒಂದು ಸೆಂಟಿಮೀಟರ್ ಏರಿಸಿದೆ. ಸಿಗ್ನಲ್ಲಿನಲ್ಲಿ ನಿಂತಾಗ ತುದಿಗಾಲು ಮಾತ್ರ ತಾಗುತ್ತಿದೆ, ಸ್ವಲ್ಪ ಭಯ. ಬೆಟ್ಟಕ್ಕೆ ಈ ಭಾನುವಾರ ರಜೆ.