ತಗ್ಗಿಸಿದ ಟಿಟಿಗೆ 9.5 ಇಂಚಿನ ರಿಮ್: ಇಟಿ45 ಸಾಕೋ, ಇಟಿ35 ಬೇಕೋ?

ಟಿಳಕವಾಡಿ_ಟರ್ಬೊ (ಬೆಳಗಾವಿ)

ಗಾಡಿ ಎರಡನೇ ತಲೆಮಾರಿನ ಆಡಿ ಟಿಟಿ, ಕ್ವಾಟ್ರೊ (ನಾಲ್ಕೂ ಚಕ್ರಕ್ಕ ಎಂಜಿನ್ ಶಕ್ತಿ ಹೋಗೋದು). ಕಾಯಿಲ್‌ಓವರ್ (ಎತ್ತರ ಹೆಚ್ಚುಕಡಿಮಿ ಮಾಡೋ ಸ್ಪ್ರಿಂಗ್-ಡ್ಯಾಂಪರ್) ಐತಿ, ಕಂಪನಿ ಎತ್ತರಕ್ಕಿಂತ 35 ಮಿಮೀ ಕೆಳಗ. ಈಗ ಇರೋದು ಕಂಪನಿ ರಿಮ್ 18×9, ಇಟಿ52 (ಅಂದ್ರ ಆಫ್‌ಸೆಟ್ 52 ಮಿಮೀ), ಟೈರ್ 245/40 ಆರ್18 (ಅಗಲ 245 ಮಿಮೀ, ಗೋಡೆ ಅದರ ಶೇ. 40, ರಿಮ್ 18 ಇಂಚು). 18×9.5 ರಿಮ್ ಹಾಕೋ ವಿಚಾರ ಐತಿ. ಎರಡು ಆಫ್‌ಸೆಟ್‌ನ್ಯಾಗ ಸಿಗತಾವ: ಇಟಿ45, ಇಟಿ35. ಅಂಗಡಿಯವ್ರು "ಇಟಿ35 ತಗೋರಿ, 265/35 ಹಾಕೋಣ, ಉಜ್ಜಿದ್ರ ಫೆಂಡರ್ ತುಟಿ (ಚಕ್ರದ ಮ್ಯಾಲಿನ ತಗಡಿನ ಅಂಚು) ಮಡಚಿ ಕೊಡ್ತೀವಿ" ಅಂತಾರ. ಓಡಾಟ ಊರಾಗ, ರಜಾ ಇದ್ದಾಗ ಚೋರ್ಲಾ ಘಾಟ್. ಟ್ರ್ಯಾಕ್ ಇಲ್ಲ. ಯಾವ ಆಫ್‌ಸೆಟ್, ಯಾವ ಟೈರ್? ರೊಕ್ಕ ಕೊಡೂಕಿಂತ ಮೊದಲ ಏನೇನು ಅಳೀಬೇಕು? ಲೆಕ್ಕದ ಸಮೇತ ಹೇಳ್ರಿ.

ಉದ್ಯಮಬಾಗ_ಲೇತ್ (ಬೆಳಗಾವಿ)

ಅಗಲ ಬಿಡಿ, ನಿಮ್ಮ ಗಾಡಿಯಲ್ಲಿ ಆಟ ಆಡೋದು ಆಫ್‌ಸೆಟ್. 9 ಇಂಚು ಅಂದರೆ 228.6 ಮಿಮೀ, ಅರ್ಧ 114.3. ಇಟಿ52 ಅಂದರೆ ಹಬ್‌ಗೆ ಕೂರುವ ಮುಖ ರಿಮ್‌ನ ನಡುಗೆರೆಯಿಂದ 52 ಮಿಮೀ ಹೊರಗಿದೆ. ಹಾಗಾಗಿ ಹಬ್ ಮುಖದಿಂದ ಒಳಕ್ಕೆ 166.3, ಹೊರಕ್ಕೆ 62.3 ಮಿಮೀ. 9.5 ಇಂಚಿಗೆ ಅರ್ಧ 120.65. ಇಟಿ45 ಹಾಕಿದರೆ ಒಳಕ್ಕೆ 165.65, ಹೊರಕ್ಕೆ 75.65. ಒಳಗಡೆ ಏನೂ ಬದಲಾಗಲಿಲ್ಲ, ಹೊರಗಡೆ 13 ಮಿಮೀ ಹೆಚ್ಚಾಯಿತು. ಇಟಿ35 ಹಾಕಿದರೆ ಹೊರಕ್ಕೆ 85.65, ಅಂದರೆ 23 ಮಿಮೀ ಹೆಚ್ಚು. ಒಳಗೆ 10 ಮಿಮೀ ಜಾಗ ಸುಮ್ಮನೆ ಖಾಲಿ ಬಿದ್ದಿರುತ್ತದೆ.

ಇದು ರಿಮ್ ಲೆಕ್ಕ. ಟೈರ್ ಹೊಟ್ಟೆ ಬೇರೆ. ರಿಮ್ ಅರ್ಧ ಇಂಚು ಅಗಲವಾದರೆ ಅದೇ ಟೈರಿನ ಹೊಟ್ಟೆ ಸುಮಾರು 5 ಮಿಮೀ ಉಬ್ಬುತ್ತದೆ. 255/40 ಅನ್ನು 9.5 ಮೇಲೆ ಇಟಿ45ರಲ್ಲಿ ಕೂರಿಸಿದರೆ ಹೊರಗೋಡೆ ಈಗಿನದಕ್ಕಿಂತ ಸುಮಾರು 13 ಮಿಮೀ ಆಚೆ. ಅಂಗಡಿಯವರ 265/35 ಇಟಿ35ರಲ್ಲಿ 26 ಮಿಮೀ ಆಚೆ. ದುಪ್ಪಟ್ಟು. ಬ್ರ್ಯಾಂಡ್‌ನಿಂದ ಬ್ರ್ಯಾಂಡಿಗೆ ನಾಲ್ಕೈದು ಮಿಮೀ ಹೆಚ್ಚುಕಡಿಮೆ ಇರುತ್ತದೆ. ಪಕ್ಕದಲ್ಲಿ ಅಚ್ಚಾದ ಸಂಖ್ಯೆ ನಂಬಬೇಡಿ, ಕಂಪನಿಯ ಡೇಟಾಶೀಟ್‌ನಲ್ಲಿ ಸೆಕ್ಷನ್ ಅಗಲ ಮತ್ತು ಅದನ್ನು ಯಾವ ರಿಮ್ ಮೇಲೆ ಅಳೆದರು ಅನ್ನುವುದನ್ನು ನೋಡಿ.

ಇನ್ನು ಎತ್ತರ. 245/40 ಆರ್18ರ ವ್ಯಾಸ 653 ಮಿಮೀ. 255/40 ಆದರೆ 661: ಗಾಡಿ 4 ಮಿಮೀ ಮೇಲೆ ಬರುತ್ತದೆ, ಸ್ಪೀಡೊ ಶೇ. 1.2 ಕಡಿಮೆ ತೋರಿಸುತ್ತದೆ. 265/35 ಆದರೆ 643: ಗಾಡಿ ಇನ್ನೂ 5 ಮಿಮೀ ಕೆಳಗೆ. ಮೊದಲೇ 35 ಇಳಿಸಿದ್ದೀರಿ, ನಮ್ಮ ಊರಿನ ಹಂಪ್‌ಗಳನ್ನು ನೋಡಿ ಆ 5 ಮಿಮೀ ಬಿಟ್ಟುಕೊಡಲು ನನಗಂತೂ ಮನಸ್ಸಾಗುವುದಿಲ್ಲ.

ಇಟಿ35 ಬೇಡ ಅನ್ನಲು ಇನ್ನೊಂದು ಕಾರಣ ಸ್ಟೀರಿಂಗ್. ಚಕ್ರದ ನಡುಗೆರೆ 17 ಮಿಮೀ ಹೊರಗೆ ಹೋದಷ್ಟೂ ಸ್ಕ್ರಬ್ ರೇಡಿಯಸ್ (ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರ) ಬದಲಾಗುತ್ತದೆ. ಟಾರಿನ ಗೆರೆ ಹಿಡಿದು ಗಾಡಿ ಎಳೆಯುವುದು, ಬ್ರೇಕ್ ಹಾಕಿದಾಗ ಒಂದು ಕಡೆಗೆ ಜಗ್ಗುವುದು, ಬೇರಿಂಗ್ ಮೇಲಿನ ಹೊರೆ, ಎಲ್ಲ ಹೆಚ್ಚುತ್ತದೆ. ಇಟಿ45ರಲ್ಲಿ ಇದು 7 ಮಿಮೀ ಮಾತ್ರ.

ನನ್ನ ಮತ: ಇಟಿ45, ಟೈರ್ 255/40. ಉಜ್ಜಿದರೆ ಇರೋ 245/40 ಅನ್ನೇ ಅದರ ಮೇಲೆ ಹಾಕಿ. ಆ ಅಳತೆಗೆ 9.5 ಇಂಚೇ ಮೇಲಿನ ಮಿತಿ, ಅದಕ್ಕಿಂತ ಅಗಲ ಬೇಡ.

ಗುಮ್ಮಟ_ಡ್ಯಾಂಪರ್ (ವಿಜಯಪುರ)

ಲೆಕ್ಕ ಬರೋಬರಿ ಐತಿ. ಆದ್ರ ಗಾಡಿ ನಿಂತಾಗ ಉಜ್ಜದಿದ್ದದ್ದು ಓಡೂಮುಂದ ಉಜ್ಜತೈತಿ. ಅದಕ್ಕ ಸ್ಪ್ರಿಂಗ್ ತಗದು ನೋಡ್ರಿ.

ಗಾಡಿ ಸ್ಟ್ಯಾಂಡ್ ಮ್ಯಾಲೆ ಇಡ್ರಿ, ಜ್ಯಾಕ್ ನಂಬಿ ಕೆಳಗ ಹೋಗಬ್ಯಾಡ್ರಿ. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಡ್ಯಾಂಪರ್ ಕೂಡಿದ ಕಂಬ) ಬಿಚ್ಚಿ, ಸ್ಪ್ರಿಂಗ್ ತಗದು, ಬಂಪ್‌ಸ್ಟಾಪ್ (ಕೊನಿಗೆ ತಡೆಯೋ ರಬ್ಬರ್) ಇಟ್ಟು ತಿರುಗಿ ಕೂರಿಸ್ರಿ. ಹಿಂದ ಸ್ಪ್ರಿಂಗ್ ಡ್ಯಾಂಪರ್ ಬ್ಯಾರೆ ಬ್ಯಾರೆ ಅದಾವ, ಅಲ್ಲಿ ಕೆಲಸ ಹಗುರ. ಅಂಗಡಿಯಿಂದ ಒಂದ ರಿಮ್ಮಿಗೆ ಟೈರ್ ಹಾಕಿಸಿ ತರ್ರಿ, ಪೂರಾ ಗಾಳಿ ಹಾಕಿ ಕೂರಿಸ್ರಿ. ಟ್ರಾಲಿ ಜ್ಯಾಕಿನಿಂದ ಬಂಪ್‌ಸ್ಟಾಪ್ ಪೂರಾ ಒತ್ತೋ ತನಕ ಮ್ಯಾಲೆ ಎತ್ತಿ, ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸ್ರಿ. ಲೈನರ್ (ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆ) ಮ್ಯಾಲೆ, ತುಟಿ ಒಳಗ, ಸ್ಟ್ರಟ್ ಮ್ಯಾಲೆ ಮಕ್ಕಳ ಕ್ಲೇ ಉಂಡಿ ಅಂಟಿಸ್ರಿ. ಎಲ್ಲಿ ಚಪ್ಪಟ ಆಗತೈತೋ ಅಲ್ಲಿ ಉಳದ ದಪ್ಪನ ನಿಮ್ಮ ಜಾಗ. ಒಳಗ ಸ್ಟ್ರಟ್ಟಿಗೆ ಕಡಿಮಿ ಅಂದ್ರ 5 ಮಿಮೀ ಬೇಕು, ಹೊರಗ ತುಟಿಗೆ 8. ಟೈರ್ ಮೂಲ್ಯಾಗ ಬಾಗತೈತಿ, ಬುಷ್ ಒತ್ತತಾವ, ಆ ಮೂರು ಮಿಮೀ ಅದಕ್ಕ.

ಒಂದು ಮಾತು ಬಹಳ ಮಂದಿ ಮರೀತಾರ. ಕಾಯಿಲ್‌ಓವರ್ ಕೆಳಗ ಇಳಿಸಿದಷ್ಟೂ ಸ್ಪ್ರಿಂಗ್ ಕೂರೋ ತಟ್ಟಿನೂ ಕೆಳಗ ಬರತೈತಿ. ಅದು ಟೈರಿನ ತಲಿ ಹತ್ರ ಬಂದ್ರ, ರಿಮ್ಮಿಗೆ ಜಾಗ ಇದ್ರೂ ಟೈರಿಗೆ ಇರೂದಿಲ್ಲ. ನಿಮ್ಮ ಎತ್ತರದಾಗ ಅಳೀರಿ, ಮಂದಿ ಎತ್ತರದ ಫೋಟೊ ನೋಡಿ ತಗೋಬ್ಯಾಡ್ರಿ.

ಕ್ಯಾಂಬರ್ ಹಾಕಿ (ಚಕ್ರದ ತಲಿ ಒಳಗ ವಾಲಿಸಿ) ಜಾಗ ಮಾಡ್ಕೋಬಹುದು. ಟೈರ್ ತಲಿ ಹಬ್ಬಿನ ನಡುವಿಂದ ಸುಮಾರು 325 ಮಿಮೀ ಮ್ಯಾಲ ಐತಿ, ಒಂದು ಡಿಗ್ರಿಗೆ ಅದು 5.7 ಮಿಮೀ ಒಳಗ ಬರತೈತಿ. ಟಿಟಿ ಮುಂದ ಸ್ಟ್ರಟ್ ನಕಲ್ಲಿನ (ಹಬ್ ಹಿಡಿಯೋ ತುಂಡಿನ) ಕಡಗದಾಗ ಕೂತೈತಿ, ಕ್ಯಾಂಬರ್ ಬೋಲ್ಟ್ ನಡಿಯೂದಿಲ್ಲ, ಮ್ಯಾಲೆ ಕ್ಯಾಂಬರ್ ಪ್ಲೇಟ್ ಬೇಕು. ಅದ ಚಲೋನೂ ಹೌದು: ಪ್ಲೇಟಿನಿಂದ ಸ್ಟ್ರಟ್ಟೂ ಕೂಡೇ ವಾಲತೈತಿ, ಅದರ ಮತ್ತ ಟೈರಿನ ನಡುವಿನ ಜಾಗ ಕಡಿಮಿ ಆಗೂದಿಲ್ಲ. ಮುಂದ -1.5ರಿಂದ -2 ಡಿಗ್ರಿ ಸಾಕು. ಟೋ ಔಟ್ (ಚಕ್ರದ ಮುಂದಿನ ಅಂಚು ಹೊರಗ ತಿರುಗಿರೋದು) ಹಂಗ ಬಿಟ್ರ ಮಾತ್ರ ಒಳಅಂಚು ತಿಂದು ದಾರ ಕಾಣಸ್ತೈತಿ, ಹೊರಗಿಂದ ನೋಡಿದ್ರ ಟೈರ್ ಹೊಸಾದ ಇದ್ದಂಗ ಇರತೈತಿ. ರಿಮ್ ಹಾಕಿದ ದಿನಾನ ಅಲೈನ್‌ಮೆಂಟ್ ಮಾಡಸ್ರಿ.

ಘಟಪ್ರಭಾ_ದಂಡೆ (ಬಾಗಲಕೋಟೆ)

ಫೆಂಡರ್ ಮಡಚುವ ಮಾತಿಗೆ ಮಾತ್ರ ಉತ್ತರ. ಟಿಟಿಯ ಮುಂದಿನ ಫೆಂಡರ್ ಅಲ್ಯೂಮಿನಿಯಂ. ಮ್ಯಾಗ್ನೆಟ್ ಹಿಡಿದು ನೋಡಿ, ಅಂಟುವುದಿಲ್ಲ. ಸ್ಟೀಲ್ ತುಟಿಯನ್ನು ರೋಲರ್‌ನಿಂದ ಮಡಚಿ ಕೈ ಪಳಗಿದವರು ಅದೇ ಜೋರಿನಲ್ಲಿ ಇದನ್ನು ಮಡಚಿದರೆ ಮಡಿಕೆಯ ಗೆರೆಗುಂಟ ಸೀಳು ಬರುತ್ತದೆ. ಅಲ್ಯೂಮಿನಿಯಂ ಬಾಗಿಸಿದಷ್ಟೂ ಗಡುಸಾಗುತ್ತದೆ, ತಿರುಗಿ ಎಳೆದು ಸರಿ ಮಾಡಲು ಹೋದರೆ ತುಂಡಾಗುತ್ತದೆ. ಬಣ್ಣ ಮೆತ್ತಗಾಗಲು ಹೀಟ್‌ಗನ್‌ನಿಂದ 60 ಡಿಗ್ರಿ ಆಸುಪಾಸು ಬಿಸಿ ಸಾಕು. ಬಣ್ಣ ಒಡೆದ ಜಾಗದಲ್ಲಿ ಬೆಳಗಾವಿ ಮಳೆಗಾಲದ ನೀರು ಕೂತರೆ ಬಿಳಿ ಪುಡಿ ಏಳುತ್ತದೆ, ಆ ಮೇಲೆ ಬಣ್ಣ ಹಿಡಿಯುವುದಿಲ್ಲ.

ಇಷ್ಟೆಲ್ಲ ಯಾಕೆ? ಕಾಯಿಲ್‌ಓವರ್ ಇದೆಯಲ್ಲ, 10 ಮಿಮೀ ಮೇಲೆತ್ತಿ. ಅರ್ಧ ಗಂಟೆಯ ಕೆಲಸ, ಬೇಡವಾದರೆ ತಿರುಗಿ ಇಳಿಸಬಹುದು. ಕಪ್ಪುಮಣ್ಣಿನ ಮೇಲಿನ ರಸ್ತೆ ಉಬ್ಬಿ ತಗ್ಗಿ ಅಲೆಯಂತಾಗಿರುತ್ತದೆ. ವೇಗದಲ್ಲಿ ಹೋದಾಗ ಎರಡೂ ಕಡೆ ಒಟ್ಟಿಗೆ ಬಂಪ್‌ಸ್ಟಾಪ್ ಮುಟ್ಟುತ್ತದೆ. ಒಂದೇ ಚಕ್ರ ಗುಂಡಿಗೆ ಬೀಳುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಆಂಟಿರೋಲ್ ಬಾರ್ (ಗಾಡಿ ಒಂದು ಕಡೆ ವಾಲದಂತೆ ಎರಡೂ ಚಕ್ರ ಜೋಡಿಸುವ ಸಲಾಕೆ) ಇಲ್ಲಿ ಏನೂ ಸಹಾಯ ಮಾಡುವುದಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರೇಲರ್‌ನಿಂದ ಬಿದ್ದ ಗಣಿಕೆ ರಸ್ತೆ ತುಂಬ ಇರುತ್ತದೆ. ಫೆಂಡರ್‌ನಿಂದ ಹೊರಗೆ ಚಾಚಿದ ಟೈರ್ ಅದನ್ನೂ ಕಲ್ಲನ್ನೂ ನೇರವಾಗಿ ಬಾಗಿಲಿಗೆ ಎಸೆಯುತ್ತದೆ.

ಕಾಗದದ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ನಿಷಿದ್ಧ, 2019ರ ಆರಂಭದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಕಂಪನಿಯೇ ಈ ಗಾಡಿಗೆ 19×9 ಇಟಿ52 ರಿಮ್ಮಿನಲ್ಲಿ 255/35 ಕೊಟ್ಟದ್ದುಂಟು. ತಕರಾರಿಲ್ಲದ ದಾರಿ ಬೇಕಿದ್ದರೆ ಅದು. ಆದರೆ ಟೈರ್ ಗೋಡೆ 98ರಿಂದ 89 ಮಿಮೀಗೆ ಇಳಿಯುತ್ತದೆ, ಗುಂಡಿಗೆ ರಿಮ್ ಬಾಗುವ ಭಯ ನಿಮ್ಮದು. ಯಾವುದನ್ನೇ ಹಾಕಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ.

ಟಿಳಕವಾಡಿ_ಟರ್ಬೊ

ಇಟಿ45 ಪಕ್ಕಾ, 10 ಮಿಮೀ ಮ್ಯಾಲೂ ಎತ್ತತೀನಿ. ರಿಮ್ಮಿನ ನಡುವಿನ ತೂತು 66.6 ಐತಿ, ಹಬ್ 57.1. ಜೋಡಿ ಪ್ಲಾಸ್ಟಿಕ್ ರಿಂಗ್ ಕೊಡತಾರ. ಬೋಲ್ಟ್ ಕಂಪನಿದ ನಡೀತಾವೇನು?

ಉದ್ಯಮಬಾಗ_ಲೇತ್

ಬೋಲ್ಟ್ ನಡೆಯುವುದಿಲ್ಲ, ಇದನ್ನು ಹಗುರವಾಗಿ ತಗೋಬೇಡಿ. ಆಡಿ ಬೋಲ್ಟ್‌ನ ತಲೆ ಕೆಳಗೆ ಗುಂಡು ಸೀಟು ಇರುತ್ತದೆ. ಹೊರಗಿನ ರಿಮ್‌ಗಳಲ್ಲಿ ಹೆಚ್ಚಾಗಿ 60 ಡಿಗ್ರಿ ಶಂಕು. ಗುಂಡು ಶಂಕುವಿನಲ್ಲಿ ಕೂತರೆ ಒಂದು ಸಣ್ಣ ಗೆರೆಯಷ್ಟು ಮಾತ್ರ ಮುಟ್ಟುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಅನ್ನುತ್ತದೆ, ನಾಲ್ಕು ದಿನಕ್ಕೆ ಸಡಿಲ. ಎಂ14×1.5, ಶಂಕು ಸೀಟಿನ ಬೋಲ್ಟ್ 20 ತಗೊಳ್ಳಿ. ಉದ್ದ ಪಕ್ಕಾ ಮಾಡಲು ರಿಮ್ ಕೂರಿಸಿ ಬೋಲ್ಟ್ ಕೈಯಲ್ಲಿ ತಿರುಗಿಸಿ: ಕಡಿಮೆ ಅಂದರೂ ಒಂಬತ್ತು ಸುತ್ತು ಹಿಡಿಯಬೇಕು, ಅಂದರೆ ಸುಮಾರು 14 ಮಿಮೀ ನೂಲು. ಹೆಚ್ಚು ಉದ್ದವಾದರೂ ಅಪಾಯ, ಹಬ್ ಹಿಂದೆ ಚಾಚಿ ತಾಗುತ್ತದೆ. ರಿಮ್ ಬಿಗಿದ ಮೇಲೆ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದಾ ನೋಡಿ.

ಪ್ಲಾಸ್ಟಿಕ್ ರಿಂಗ್ ಚೋರ್ಲಾ ಇಳಿಜಾರಿನ ಬ್ರೇಕ್ ಬಿಸಿಗೆ ಮೆತ್ತಗಾಗಿ ಹಬ್‌ಗೆ ಅಂಟುತ್ತದೆ. ಉದ್ಯಮಬಾಗದ ಯಾವುದೇ ಸಿಎನ್‌ಸಿ ಅಂಗಡಿಯಲ್ಲಿ 6061 ಅಲ್ಯೂಮಿನಿಯಂನಲ್ಲಿ ನಾಲ್ಕು ರಿಂಗ್ ತಿರುಗಿಸಿ ಕೊಡುತ್ತಾರೆ. ಹೊರಗೆ 66.55, ಒಳಗೆ 57.15, ಹಬ್ ಕಡೆಯ ಅಂಚಿಗೆ ಒಂದು ಮಿಮೀ ಚ್ಯಾಂಫರ್. ರಿಂಗ್‌ಗೆ ತೆಳ್ಳಗೆ ಆಂಟಿಸೀಜ್ (ಲೋಹ ಅಂಟಿಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿ, ಬೋಲ್ಟ್ ನೂಲಿಗೆ ಮಾತ್ರ ಎಣ್ಣೆ ಗ್ರೀಸ್ ಏನೂ ಬೇಡ. ಎಣ್ಣೆ ಹಚ್ಚಿದ ನೂಲಿನಲ್ಲಿ ಅದೇ ಟಾರ್ಕ್‌ಗೆ ಬೋಲ್ಟ್ ಹೆಚ್ಚು ಹಿಗ್ಗುತ್ತದೆ. 120 ನ್ಯೂಟನ್ ಮೀಟರ್, ನಕ್ಷತ್ರದ ಆಕಾರದಲ್ಲಿ ಒಂದು ಬಿಟ್ಟು ಒಂದು, ಎರಡು ಸಲಕ್ಕೆ. ಏರ್‌ಗನ್ ದೂರ ಇರಲಿ. 50ರಿಂದ 100 ಕಿ.ಮೀ. ಓಡಿಸಿ, ಗಾಡಿ ತಣ್ಣಗಾದ ಮೇಲೆ ಮತ್ತೆ ನೋಡಿ.

ರಿಮ್ ಹಿಂಬದಿಯಲ್ಲಿ ಲೋಡ್ ರೇಟಿಂಗ್ ಅಚ್ಚಾಗಿರುತ್ತದೆ. ಗಾಡಿಯ ಹೆಚ್ಚಿನ ಆಕ್ಸಲ್ ಭಾರದ ಅರ್ಧಕ್ಕಿಂತ ಅದು ಜಾಸ್ತಿ ಇರಲೇಬೇಕು. ಟೈರ್ ಎಕ್ಸ್‌ಎಲ್ (ಹೆಚ್ಚು ಭಾರ ತಾಳುವ) ದರ್ಜೆಯದೇ ತಗೊಳ್ಳಿ.

ಗುಮ್ಮಟ_ಡ್ಯಾಂಪರ್

ಕ್ವಾಟ್ರೊ ಅಂತ ಹೇಳೀರಿ, ಅದಕ್ಕ ನಾಲ್ಕೂ ಟೈರ್ ಒಂದ ಸಲ, ಒಂದ ಬ್ರ್ಯಾಂಡ್ ತಗೋರಿ. ಮುಂದಿನವು ಹಿಂದಿನವು ಸವೆದದ್ದರಾಗ 2 ಮಿಮೀಗಿಂತ ಹೆಚ್ಚು ಫರಕ್ ಬಂತಂದ್ರ ವ್ಯಾಸ ಬ್ಯಾರೆ ಆಗಿ ಹಾಲ್ಡೆಕ್ಸ್ ಕ್ಲಚ್ (ಹಿಂದಿನ ಚಕ್ರಕ್ಕ ಶಕ್ತಿ ಕಳಸೋದು) ಸುಮ್ನ ದುಡೀತಿರತೈತಿ. 8,000 ಕಿ.ಮೀ.ಗೊಮ್ಮೆ ಮುಂದ-ಹಿಂದ ಅದಲಬದಲ ಮಾಡ್ರಿ. ಮತ್ತ ಗಾಳಿ ಮುಂಜಾನೆ ತಣ್ಣಗಿದ್ದಾಗ ನೋಡ್ರಿ, ಮಧ್ಯಾಹ್ನ 40 ಡಿಗ್ರಿ ಬಿಸಿಲಾಗ ಓಡಿಸಿ ಬಂದು ಹೆಚ್ಚಾಗೇತಿ ಅಂತ ಬಿಡಬ್ಯಾಡ್ರಿ.